ಓದಲು ಬರುವ ಪ್ಲೇಟಿಗೂ ಐನೂರು, ಓದಲು ಬಾರದ ಪ್ಲೇಟಿಗೂ ಐನೂರು: ಸಾರಿಗೆ ಆಯುಕ್ತರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಸಾರಿಗೆ ಆಯುಕ್ತರು,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ವಾಹನಗಳ ನಂಬರ್ ಪ್ಲೇಟ್ ನಿಯಮ ಮತ್ತು ದಂಡದ ಜಾರಿಯಲ್ಲಿರುವ ಲೋಪಗಳನ್ನು ಸರಿಪಡಿಸುವ ಕುರಿತು

ಮಾನ್ಯರೇ,

ಸಿಗ್ನಲ್ಲಿನಲ್ಲಿ ಎರಡು ಸ್ಕೂಟರ್ ನಿಂತಿವೆ ಎಂದುಕೊಳ್ಳಿ. ಒಂದು 2012ರ ಗಾಡಿ. ಅದರದು ಹಳೆಯ ಪ್ಲೇಟು. ಬಿಳಿ ಹಲಗೆಯ ಮೇಲೆ ಕಪ್ಪು ಅಕ್ಷರ, ಅಳತೆ ಸರಿಯಿದೆ, ಹಿಂದಿನ ಕಾರಿನಲ್ಲಿ ಕೂತವರು ಸಲೀಸಾಗಿ ಓದಬಹುದು. ಇನ್ನೊಂದು ಹೊಸದು, ಅದಕ್ಕೆ ಈಗ ಕಡ್ಡಾಯವಾಗಿರುವ ಹೈ ಸೆಕ್ಯೂರಿಟಿ ನಂಬರ್ ಪ್ಲೇಟು, ಅಂದರೆ ಎಚ್‌ಎಸ್‌ಆರ್‌ಪಿಯೇ ಇದೆ. ಆದರೆ ಪ್ಲೇಟನ್ನು ಸೀಟಿನ ಕೆಳಕ್ಕೆ ಬಗ್ಗಿಸಿ ಆಕಾಶ ನೋಡುವಂತೆ ಮಾಡಿದ್ದಾರೆ, ಕೊನೆಯ ಅಂಕಿಯ ಮೇಲೆ ಒಂದು ತುಂಡು ಕಪ್ಪು ಟೇಪು. ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ಸಾಮಾನ್ಯವಾಗಿ ಎರಡಕ್ಕೂ ಬೀಳುವುದು ಒಂದೇ ಸೆಕ್ಷನ್, 177. ಮೊದಲ ಸಲಕ್ಕೆ 500 ರೂಪಾಯಿವರೆಗೆ, ಮತ್ತೆ ಸಿಕ್ಕರೆ 1,500ರವರೆಗೆ. ಕಾಗದದ ಮೇಲೆ ಸಮಾನವಾಗಿ ಕಾಣುವ ಈ ದಂಡ ರಸ್ತೆಗೆ ಇಳಿದಾಗ ಸಮಾನವಾಗಿ ಉಳಿಯುವುದಿಲ್ಲ. ಮೊದಲನೆಯವರ ನಂಬರು ಕ್ಯಾಮೆರಾಕ್ಕೂ ಕಾಣುತ್ತದೆ, ಪೇದೆಗೂ ಕಾಣುತ್ತದೆ, ಆದ್ದರಿಂದ ಅವರು ಸಿಗುತ್ತಾರೆ. ಎರಡನೆಯವರು ಸಿಗುವುದಿಲ್ಲ. ಸಿಗಬಾರದೆಂದೇ ಅಲ್ಲವೇ ಬಗ್ಗಿಸಿದ್ದು!

ನಂಬರ್ ಪ್ಲೇಟು ಇರುವುದು ಓದುವುದಕ್ಕೆ. ನಮ್ಮ ರಾಜ್ಯದಲ್ಲಿ ಕೆಲವು ವರ್ಷಗಳಿಂದ ಪ್ಲೇಟಿನ ಮಾತೆಂದರೆ ಎಚ್‌ಎಸ್‌ಆರ್‌ಪಿ ಇದೆಯೇ ಇಲ್ಲವೇ ಎಂಬಷ್ಟಕ್ಕೇ ನಿಂತುಹೋಗಿದೆ. ಓದಲು ಬರುತ್ತದೆಯೇ ಎಂದು ಕೇಳುವವರು ಕಡಿಮೆ. ಗಾಡಿ ಇಟ್ಟುಕೊಂಡವರು, ಅದನ್ನು ರಿಪೇರಿ ಮಾಡುವವರು, ಆರ್‌ಟಿಒ ಕಾಗದಪತ್ರದ ಕೆಲಸ ಬಲ್ಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಎಚ್‌ಎಸ್‌ಆರ್‌ಪಿಗೆ ನಮ್ಮ ವಿರೋಧವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಅದು ಒಳ್ಳೆಯ ವ್ಯವಸ್ಥೆ. ಅದನ್ನು ಜಾರಿಗೆ ತಂದ ರೀತಿಯ ಬಗ್ಗೆ ಮಾತ್ರ ನಮ್ಮ ದೂರು.

ಈ ಪ್ಲೇಟಿನ ಕಥೆ ಹೊಸದೇನಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 50ನೇ ನಿಯಮಕ್ಕೆ ಇದು ಸೇರಿದ್ದು 2001ರಲ್ಲಿ. ಸುಪ್ರೀಂ ಕೋರ್ಟು 2004ರಲ್ಲಿ ಯೋಜನೆಯನ್ನು ಎತ್ತಿಹಿಡಿಯಿತು, ಆಮೇಲೂ ಜಾರಿಮಾಡದ ರಾಜ್ಯಗಳನ್ನು ತರಾಟೆಗೆ ತೆಗೆದುಕೊಂಡಿತು. 2018ರ ಡಿಸೆಂಬರ್ 4ರ ಕೇಂದ್ರದ ಅಧಿಸೂಚನೆಯ ಪ್ರಕಾರ, 2019ರ ಏಪ್ರಿಲ್ 1ರಿಂದ ತಯಾರಾಗುವ ವಾಹನಗಳಿಗೆ ಪ್ಲೇಟು ಕೊಡುವ ಹೊಣೆ ಕಂಪನಿಗೆ ಬಂತು. ಅದಕ್ಕೂ ಹಿಂದಿನ ವಾಹನಗಳು, ಅಂದರೆ ಸುಮಾರು 2 ಕೋಟಿ, ಕರ್ನಾಟಕದಲ್ಲಿ ಈ ವ್ಯಾಪ್ತಿಗೆ ಬಂದದ್ದು 2023ರ ಆಗಸ್ಟಿನ ಅಧಿಸೂಚನೆಯಿಂದ. ಮೊದಲ ಗಡುವು ಅದೇ ವರ್ಷದ ನವೆಂಬರ್ 17. ಎರಡು ಕೋಟಿ ಗಾಡಿಗೆ ಮೂರು ತಿಂಗಳು! ಆಗುವ ಮಾತಲ್ಲವೆಂದು ಗೊತ್ತಿದ್ದೇ ಇಟ್ಟ ಗಡುವು ಅದು. ಮುಂದೆ 2024ರ ಫೆಬ್ರವರಿ 17, ಮೇ 31, ಸೆಪ್ಟೆಂಬರ್ 15, ನವೆಂಬರ್ 30 ಎನ್ನುತ್ತಾ 2025ರ ಮಾರ್ಚ್ 31ರವರೆಗೆ ಎಳೆಯಿತು. ಪ್ರತಿ ಗಡುವಿನ ಹಿಂದಿನ ವಾರ ಜನ ಮುಗಿಬೀಳುವುದು, ಜಾಲತಾಣ ತೆವಳುವುದು, ಗಡುವು ಮುಂದೆ ಹೋದ ಮರುದಿನ ಎಲ್ಲರೂ ಮರೆತುಬಿಡುವುದು. ಹೇಳಿದ ದಿನಕ್ಕೆ ಹಣ ಕಟ್ಟಿ ಹಾಕಿಸಿಕೊಂಡವರಿಗೆ ತಾವೇ ಪೆದ್ದರಾದೆವೇನೋ ಅನ್ನಿಸಿತು. ಆ ಗದ್ದಲದಲ್ಲಿ ನಕಲಿ ಬುಕಿಂಗ್ ಜಾಲತಾಣಗಳು ಹುಟ್ಟಿಕೊಂಡು ಎಷ್ಟೋ ಜನರ ಹಣ ನುಂಗಿದವು.

ಗಡುವಿನ ವಿಚಾರ ಇಷ್ಟು ಸಾಕು. ಅಸಲು ತೊಂದರೆ ಇರುವುದು ‘ವಾಹನ್’ ಎಂಬ, ವಾಹನ ನೋಂದಣಿಯ ಸರ್ಕಾರಿ ಕಂಪ್ಯೂಟರ್ ದತ್ತಾಂಶದಲ್ಲಿ. ಎಚ್‌ಎಸ್‌ಆರ್‌ಪಿ ಬುಕ್ ಮಾಡಲು ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಕೊಡಬೇಕು. ಅವು ವಾಹನ್‌ನಲ್ಲಿ ಇರುವುದಕ್ಕೆ ಅಕ್ಷರಶಃ ಹೊಂದಬೇಕು. ಒಂದು ಅಕ್ಷರ ತಪ್ಪಿದರೂ ಪರದೆಯ ಮೇಲೆ ‘ವಿವರ ಹೊಂದುತ್ತಿಲ್ಲ’ ಎಂದು ಬರುತ್ತದೆ, ಮುಂದೆ ಏನು ಮಾಡಬೇಕೆಂದು ಅಲ್ಲಿ ಹೇಳಿರುವುದಿಲ್ಲ. ಹಳೆಯ ರಿಜಿಸ್ಟರಿನಿಂದ ಕಂಪ್ಯೂಟರಿಗೆ ಏರಿಸುವಾಗ ಆದ ತಪ್ಪುಗಳು ಇವು. ಸೊನ್ನೆಯ ಜಾಗದಲ್ಲಿ ‘ಓ’ ಅಕ್ಷರ, ಒಂದರ ಜಾಗದಲ್ಲಿ ‘ಐ’, ಎಂಟರ ಜಾಗದಲ್ಲಿ ‘ಬಿ’, ಐದರ ಜಾಗದಲ್ಲಿ ‘ಎಸ್’. ಎಷ್ಟೋ ಗಾಡಿಗಳ ಎಂಜಿನ್ ಸಂಖ್ಯೆಯ ಮೊದಲ ಭಾಗವೇ ಬಿಟ್ಟುಹೋಗಿದೆ, ಕೆಲವದರಲ್ಲಿ ಚಾಸಿ ಮತ್ತು ಎಂಜಿನ್ ಸಂಖ್ಯೆ ಅದಲುಬದಲಾಗಿವೆ.

ಇವುಗಳಲ್ಲಿ ದೊಡ್ಡ ಪಾಲನ್ನು ಜನ ಅರ್ಜಿ ಹಾಕದೆಯೇ ಪತ್ತೆ ಮಾಡಬಹುದು. ಇಂದಿನ ಚಾಸಿ ಸಂಖ್ಯೆಗಳು ಅಂತರರಾಷ್ಟ್ರೀಯ ಪದ್ಧತಿಯ 17 ಅಕ್ಷರ-ಅಂಕಿಗಳವು. ಆ ಪದ್ಧತಿಯಲ್ಲಿ ‘ಐ’, ‘ಓ’, ‘ಕ್ಯೂ’ ಎಂಬ ಮೂರು ಅಕ್ಷರಗಳನ್ನು ಬಳಸುವಂತೆಯೇ ಇಲ್ಲ, ಒಂದು ಮತ್ತು ಸೊನ್ನೆಯೊಂದಿಗೆ ಗೊಂದಲವಾಗಬಾರದೆಂದೇ ಅವನ್ನು ಬಿಟ್ಟಿದ್ದಾರೆ. ಅಂದಮೇಲೆ 17 ಸ್ಥಾನದ ಚಾಸಿ ಸಂಖ್ಯೆಯಲ್ಲಿ ‘ಓ’ ಅಥವಾ ‘ಐ’ ಕಂಡರೆ ಅದು ಟೈಪಿಂಗ್ ತಪ್ಪು, ಅನುಮಾನವೇ ಬೇಡ. 16 ಅಥವಾ 18 ಸ್ಥಾನ ಕಂಡರೂ ನೋಡಬೇಕಾದದ್ದೇ. ಇಡೀ ರಾಜ್ಯದ ಪಟ್ಟಿಯ ಮೇಲೆ ಇಷ್ಟು ಪರೀಕ್ಷೆ ನಡೆಸಲು ಕಂಪ್ಯೂಟರಿಗೆ ಹೆಚ್ಚು ಹೊತ್ತು ಬೇಡ. ಅದಕ್ಕೂ ಹಳೆಯ, ಚಿಕ್ಕ ಚಾಸಿ ಸಂಖ್ಯೆಯ ಗಾಡಿಗಳನ್ನು ಮಾತ್ರ ಕೈಯಿಂದ ನೋಡಬೇಕಾಗುತ್ತದೆ. ಈಗ ಆಗುತ್ತಿರುವುದೇನು? ಮಾಲೀಕರು ತಾವು ಮಾಡದ ತಪ್ಪಿಗೆ ಆರ್‌ಸಿ, ವಿಮೆ, ಚಾಸಿ ಸಂಖ್ಯೆಯ ಪೆನ್ಸಿಲ್ ಅಚ್ಚು ಎಲ್ಲ ಹಿಡಿದುಕೊಂಡು, ಗಾಡಿಯನ್ನೂ ಹೊಡೆದುಕೊಂಡು ಆರ್‌ಟಿಒಗೆ ಹೋಗಬೇಕು. ನಿರೀಕ್ಷಕರು ನೋಡಿ ಸಹಿ ಹಾಕಬೇಕು. ಮೂಲ ನೋಂದಣಿ ಬೇರೆ ಜಿಲ್ಲೆಯಲ್ಲಿದ್ದರೆ ಅಲ್ಲಿಗೇ ಹೋಗಿ ಅನ್ನುತ್ತಾರೆ. ಕಲಬುರಗಿಯ ಕೆಎ-32ರಲ್ಲಿ ನೋಂದಣಿಯಾಗಿ ಬೆಂಗಳೂರಿನಲ್ಲಿ ಓಡುತ್ತಿರುವ ಹಳೆಯ ಬೈಕಿನವರು ಒಂದು ಸೊನ್ನೆಗಾಗಿ ಅಷ್ಟು ದೂರ ಹೋಗಬೇಕೇ? ಅವರು ಹೋಗಿಬರುವಷ್ಟರಲ್ಲಿ ಸಿಗ್ನಲ್ಲಿನಲ್ಲಿ ಐನೂರು ರೂಪಾಯಿ ದಂಡ ಬಿದ್ದರೆ ಅದು ಯಾರ ತಪ್ಪಿಗೆ?

ಮುಚ್ಚಿಹೋದ ಕಂಪನಿಗಳ ಗಾಡಿಗಳ ಪಾಡೂ ಇದೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಲ್ಲಿ ತಯಾರಾದ ಬೈಕುಗಳನ್ನು ಮಕ್ಕಳಂತೆ ನೋಡಿಕೊಳ್ಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಕಂಪನಿ ಆರಿಸಿ, ಡೀಲರ್ ಆರಿಸಿ ಎಂದು ಕೇಳುವ ಪುಟದಲ್ಲಿ ಇಂಥವರು ಯಾವುದನ್ನು ಆರಿಸಬೇಕು, ಯಾವ ಕೇಂದ್ರಕ್ಕೆ ಹೋಗಬೇಕು ಎಂಬುದನ್ನು ಕನ್ನಡದಲ್ಲಿ ಒಂದು ಪುಟ ಬರೆದು ಹಾಕಿದರೆ ಎಷ್ಟೋ ಅಲೆದಾಟ ತಪ್ಪುತ್ತದೆ.

ಬುಕಿಂಗ್ ಆಯಿತು, ಹಣ ಕಟ್ಟಿದ್ದಾಯಿತು. ಅಲ್ಲಿಗೆ ಮುಗಿಯುವುದಿಲ್ಲ. ಪ್ಲೇಟು ಅಳವಡಿಸುವ ಕಡೆ ನಡೆಯುವುದನ್ನು ಹೇಳುವ ಮೊದಲು, ಅಸಲಿ ಪ್ಲೇಟಿನಲ್ಲಿ ಏನೇನು ಇರಬೇಕು ಎಂಬುದನ್ನು ಓದುಗರಿಗಾಗಿಯೂ ಇಲ್ಲಿ ಬರೆಯುತ್ತೇವೆ. ಒಂದು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು, ಮೂಲೆಗಳು ಗುಂಡಗೆ. ಮೇಲೆ ಎಡಮೂಲೆಯಲ್ಲಿ 20 ಮಿ.ಮೀ. ಉದ್ದಗಲದ ಕ್ರೋಮಿಯಂ ಹೊಲೊಗ್ರಾಂ, ಅದರಲ್ಲಿ ಅಶೋಕ ಚಕ್ರ. ಎಡಬದಿಯಲ್ಲಿ ನೀಲಿಯಲ್ಲಿ ‘ಐಎನ್‌ಡಿ’. ಕೆಳಗೆ ಎಡಕ್ಕೆ ಲೇಸರ್‌ನಿಂದ ಕೊರೆದ ಗುರುತಿನ ಸಂಖ್ಯೆ, ಮುಂದಿನ ಪ್ಲೇಟಿಗೊಂದು, ಹಿಂದಿನದಕ್ಕೆ ಇನ್ನೊಂದು. ಅಕ್ಷರಗಳು ಉಬ್ಬಿರಬೇಕು, ಅವುಗಳ ಕಪ್ಪು ಹಾಳೆಯ ಮೇಲೆ 45 ಡಿಗ್ರಿ ಓರೆಯಲ್ಲಿ ‘ಇಂಡಿಯಾ’ ಎಂದು ಸಣ್ಣಕ್ಕೆ ಮತ್ತೆಮತ್ತೆ ಅಚ್ಚಾಗಿರಬೇಕು. ಬಿಸಿಲಿಗೆ ಓರೆ ಹಿಡಿದರೆ ಕಾಣುತ್ತದೆ. ಹಿಂದಿನ ಪ್ಲೇಟನ್ನು ಒಮ್ಮೆ ಹಾಕಿದರೆ ಒಡೆಯದೆ ತೆಗೆಯಲಾಗದ ಸ್ನ್ಯಾಪ್ ಲಾಕ್‌ನಿಂದಲೇ ಕೂರಿಸಬೇಕು. ಕಾರಿಗಾದರೆ ಮೂರನೆಯದೊಂದಿದೆ. ಮುಂದಿನ ಗಾಜಿನ ಒಳಬದಿಗೆ ಅಂಟಿಸುವ 100×60 ಮಿ.ಮೀ. ಸ್ಟಿಕ್ಕರ್. ಡೀಸೆಲ್‌ಗೆ ಕೇಸರಿ, ಪೆಟ್ರೋಲ್ ಮತ್ತು ಸಿಎನ್‌ಜಿಗೆ ತಿಳಿನೀಲಿ, ಉಳಿದವಕ್ಕೆ ಬೂದು. ಕಿತ್ತರೆ ಹರಿದು ಹಾಳಾಗುವಂತೆಯೇ ಅದನ್ನು ಮಾಡಿರುತ್ತಾರೆ. ಗಾಜು ಒಡೆದು ಹೊಸದು ಹಾಕಿಸಿದವರಲ್ಲಿ ಎಷ್ಟು ಜನ ಈ ಸ್ಟಿಕ್ಕರನ್ನೂ ಹೊಸದಾಗಿ ಹಾಕಿಸಿದ್ದಾರೆ? ಗಾಜು ಹಾಕುವವರಿಗೇ ಗೊತ್ತಿರುವುದಿಲ್ಲ.

ಅಳವಡಿಸುವಲ್ಲಿ ಕೆಡುವುದು ಹೀಗೆ. ಸ್ನ್ಯಾಪ್ ಲಾಕ್ ಮುಗಿದಿದೆ ಎಂದು ಮಾಮೂಲಿ ರಿವೆಟ್ಟೋ ಸ್ಕ್ರೂವೋ ಹಾಕಿ ಕಳಿಸುತ್ತಾರೆ. ಹಾಗೆ ಮಾಡಿದರೆ ಸ್ಕ್ರೂಡ್ರೈವರ್ ಇದ್ದವರೆಲ್ಲ ಕಿತ್ತುಕೊಳ್ಳಬಹುದಾದ ಪ್ಲೇಟದು, ‘ಹೈ ಸೆಕ್ಯೂರಿಟಿ’ ಎಂಬುದು ಹೆಸರಿಗಷ್ಟೇ ಉಳಿಯುತ್ತದೆ. ಹಳೆಯ ಬೈಕುಗಳ ಮುಂದಿನ ಮಡ್‌ಗಾರ್ಡಿಗೆ ಪ್ಲೇಟು ನೇರವಾಗಿ ಕೂರುವುದಿಲ್ಲ. ಕ್ಲಾಂಪು ಬೇಕು, ಅದಕ್ಕೆ ಬೇರೆ ಹಣ ಕೇಳುತ್ತಾರೆ. ಕೊಡದಿದ್ದರೆ ತಗಡನ್ನೇ ಬಾಗಿಸಿ ಕೂರಿಸುತ್ತಾರೆ. ಬಾಗಿದ ಕಡೆ ಅಕ್ಷರದ ಮೇಲಿನ ಹಾಳೆ ಬಿರುಕು ಬಿಟ್ಟು ಆರೇಳು ತಿಂಗಳಲ್ಲಿ ಏಳುತ್ತದೆ, ಆಮೇಲೆ ಉಬ್ಬಿದ ಅಂಕಿಯೂ ಬಿಳಿ, ಹಲಗೆಯೂ ಬಿಳಿ. ಕನಿಷ್ಠ ಐದು ವರ್ಷ ಕೆಡದೆ ಇರಬೇಕೆಂದು ನಿಯಮವೇ ಖಾತರಿ ಕೇಳುತ್ತದೆ, ಆದರೆ ಆ ಖಾತರಿ ಪಡೆಯಲು ಯಾರ ಬಳಿ ಹೋಗಬೇಕು ಎಂಬುದು ರಸೀದಿಯ ಮೇಲೆ ಇರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತೊಂದರೆ ಕಣ್ಣಿಗೆ ಕಾಣದ್ದು. ಪ್ಲೇಟು ಕೂರಿಸಿದ ಮೇಲೆ ಅದರ ಎರಡೂ ಲೇಸರ್ ಸಂಖ್ಯೆಗಳನ್ನು ವಾಹನ್‌ಗೆ ಏರಿಸಬೇಕು. ಆ ಕೆಲಸ ಬಾಕಿ ಉಳಿದರೆ ಗಾಡಿಯ ಮೇಲೆ ಅಸಲಿ ಪ್ಲೇಟು ಇದ್ದೂ ದಾಖಲೆಯಲ್ಲಿ ಇಲ್ಲ. ಮಾಲೀಕತ್ವ ವರ್ಗಾವಣೆಗೋ ವಾಹನದ ಅರ್ಹತಾ ಪ್ರಮಾಣಪತ್ರವಾದ ಎಫ್‌ಸಿಗೋ ಹೋದಾಗಲೇ ಅದು ಗೊತ್ತಾಗುವುದು.

ಇಷ್ಟು ತಾಪತ್ರಯ ಬೇಡವೆಂದು ಜನ ಹೋಗುವುದು ರೇಡಿಯಂ ಅಂಗಡಿಗೆ. ಅಲ್ಲಿ ಹತ್ತು ನಿಮಿಷದಲ್ಲಿ ಎಚ್‌ಎಸ್‌ಆರ್‌ಪಿಯಂತೆ ಕಾಣುವ ಪ್ಲೇಟು ಸಿಗುತ್ತದೆ. ಚಕ್ರದ ಸ್ಟಿಕ್ಕರ್, ಮುದ್ರಿಸಿದ ‘ಐಎನ್‌ಡಿ’, ಒತ್ತಿದ ಅಕ್ಷರ ಎಲ್ಲ ಇರುತ್ತದೆ. ಲೇಸರ್ ಸಂಖ್ಯೆ ಇರುವುದಿಲ್ಲ, ಇದ್ದರೂ ಉಗುರಿನಿಂದ ಕೆರೆದರೆ ಏಳುತ್ತದೆ. ಕೊಳ್ಳುವವರಲ್ಲಿ ಎಷ್ಟೋ ಜನ ಅದೇ ಅಸಲಿ ಎಂದು ನಂಬಿ ಕೊಳ್ಳುತ್ತಾರೆ. ದ್ವಿಚಕ್ರಕ್ಕೆ ಅಧಿಕೃತವಾಗಿಯೇ ಸುಮಾರು 400ರಿಂದ 550, ಕಾರಿಗೆ 650ರಿಂದ 800 ರೂಪಾಯಿಯಲ್ಲಿ ಮುಗಿಯುವ ಕೆಲಸವೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಹೀಗೆ ಮೋಸಹೋದವರಿಗೆ ಸಿಗ್ನಲ್ಲಿನಲ್ಲಿ ದಂಡ, ಮಾರಿದ ಅಂಗಡಿ ಮರುದಿನವೂ ತೆರೆದಿರುತ್ತದೆ. ಸರ್ಕಾರದ ಗುರುತಿನ ನಕಲನ್ನು ಅಸಲಿ ಎಂದು ಮಾರುವುದು ಬರೀ ಟ್ರಾಫಿಕ್ ತಪ್ಪಲ್ಲ. ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಗೆ 318, ಖೋಟಾ ಸೃಷ್ಟಿಗೆ 336 ಎಂಬ ಸೆಕ್ಷನ್‌ಗಳಿವೆ. ಅವನ್ನು ಮಾರುವವರ ಮೇಲೆ ಬಳಸಿ ಎಂಬುದು ನಮ್ಮ ಕೋರಿಕೆ.

ಫ್ಯಾನ್ಸಿ ಅಕ್ಷರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, 51ನೇ ನಿಯಮದಲ್ಲಿ ಅಳತೆ ನಿಚ್ಚಳವಾಗಿದೆ. ಬೈಕಿನ ಮುಂದಿನ ಅಕ್ಷರ-ಅಂಕಿ 30 ಮಿ.ಮೀ. ಎತ್ತರ, 5 ದಪ್ಪ, 5 ಅಂತರ. ಹಿಂದೆ ಅಕ್ಷರ 35, ಅಂಕಿ 40 ಎತ್ತರ, ದಪ್ಪ 7. ಕಾರು, ಲಾರಿ, ಬಸ್ಸಿಗೆ 65 ಎತ್ತರ, 10 ದಪ್ಪ, 10 ಅಂತರ. 8055 ಎಂಬುದನ್ನು ‘ಬಾಸ್’ ಎಂದು ಓದಿಸುವ ಕುಶಲತೆಗೆ ಇದರಲ್ಲಿ ಜಾಗವಿಲ್ಲ. ಕನ್ನಡ ಅಂಕಿಗಳ ಮಾತು ಸ್ವಲ್ಪ ನಾಜೂಕಿನದು. ಪ್ರೀತಿಯಿಂದ ಕನ್ನಡದಲ್ಲಿ ನಂಬರು ಬರೆಸಿದವರನ್ನು ಪುಂಡರಂತೆ ಕಾಣಬಾರದು. ಆದರೆ ಕೇಂದ್ರದ ನಿಯಮ ಇಂಗ್ಲಿಷ್ ಅಕ್ಷರ ಮತ್ತು 1, 2, 3 ಎಂಬ ಅಂಕಿಗಳನ್ನೇ ಕೇಳುತ್ತದೆ, ಕನ್ನಡದ್ದು ಮಾತ್ರ ಇದ್ದರೆ ದಂಡ ತಪ್ಪದು. ಇದನ್ನು ರಸ್ತೆಯಲ್ಲಿ ಜಗಳವಾಡಿ ತಿಳಿಸುವ ಬದಲು ಇಲಾಖೆಯೇ ಮೊದಲು ಹೇಳಬೇಕು.

ಬಣ್ಣದಲ್ಲೂ ಜನರಿಗೆ ಗೊಂದಲವಿದೆ. ಸ್ವಂತದ್ದಕ್ಕೆ ಬಿಳಿಯ ಮೇಲೆ ಕಪ್ಪು, ಬಾಡಿಗೆಯದಕ್ಕೆ ಹಳದಿಯ ಮೇಲೆ ಕಪ್ಪು, ನಾವೇ ಓಡಿಸುವ ಬಾಡಿಗೆ ಕಾರಿಗೆ ಕಪ್ಪಿನ ಮೇಲೆ ಹಳದಿ. ವಿದ್ಯುತ್ ವಾಹನಕ್ಕೆ ಹಸಿರು ಹಲಗೆ, ಸ್ವಂತದ್ದಾದರೆ ಬಿಳಿ ಅಕ್ಷರ, ಬಾಡಿಗೆಯದಾದರೆ ಹಳದಿ. ತಾತ್ಕಾಲಿಕ ನೋಂದಣಿಗೆ ಹಳದಿಯ ಮೇಲೆ ಕೆಂಪು, ಅದೂ ಕಾಗದದ ತುಂಡು ಅಂಟಿಸಿದರೆ ನಡೆಯದು. ಪ್ಲೇಟೇ ಇಲ್ಲದ ಬ್ಯಾಟರಿ ಸ್ಕೂಟರುಗಳು ನಿಜಕ್ಕೂ 250 ವ್ಯಾಟ್, ಗಂಟೆಗೆ 25 ಕಿ.ಮೀ. ಮಿತಿಯೊಳಗಿದ್ದರೆ ನೋಂದಣಿ ಬೇಡ, ಸರಿ. ಫ್ಲೈಓವರ್ ಮೇಲೆ ಕಾರುಗಳನ್ನು ಹಿಂದೆ ಹಾಕುತ್ತಿದ್ದರೆ ಅದು ಆ ವರ್ಗದ್ದಲ್ಲ ಎಂದು ತಿಳಿಯಲು ಉಪಕರಣವೇನೂ ಬೇಕಾಗಿಲ್ಲ. ಶೋರೂಮಿನಿಂದ ನಂಬರಿಲ್ಲದೆ ಹೊರಬರುವ ಹೊಸ ವಾಹನದ ವಿಚಾರದಲ್ಲಿ ತಪ್ಪು ಮೊದಲು ಮಾರಿದವರದು. ತಾತ್ಕಾಲಿಕವೋ ಕಾಯಮ್ಮೋ, ನೋಂದಣಿ ಆಗದ ವಾಹನವನ್ನು ಕೊಂಡವರ ಕೈಗೆ ಕೊಡಕೂಡದು ಎಂದು 42ನೇ ನಿಯಮ ಡೀಲರಿಗೇ ಹೇಳಿದೆ. ನೋಂದಣಿಯಿಲ್ಲದೆ ಓಡಿಸಿದರೆ 192ನೇ ಸೆಕ್ಷನ್ನಿನಡಿ 2,000ದಿಂದ 5,000 ರೂಪಾಯಿ, ಎರಡನೇ ಸಲ 5,000ದಿಂದ 10,000 ಅಥವಾ ಒಂದು ವರ್ಷದವರೆಗೆ ಜೈಲು. ಹೂಮಾಲೆ ಹಾಕಿ ಕೀಲಿ ಕೊಟ್ಟವರು ಹಿಂದೆ ಉಳಿಯುತ್ತಾರೆ, ದಂಡದ ರಸೀದಿ ಕೊಂಡವರ ಹೆಸರಿಗೆ ಬರುತ್ತದೆ.

ಇನ್ನು, ಯಾರೂ ಮಾತಾಡದ ಒಂದು ವಿಷಯ. ಕಬ್ಬಿನ ಟ್ರೈಲರುಗಳು.

ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯ ರಸ್ತೆಗಳಲ್ಲಿ ಹಂಗಾಮು ಶುರುವಾದರೆ ರಾತ್ರಿಯಿಡೀ ಟ್ರ್ಯಾಕ್ಟರು, ಅದರ ಹಿಂದೆ ಒಂದು ಟ್ರೈಲರು, ಎಷ್ಟೋ ಸಲ ಎರಡು. ಟ್ರ್ಯಾಕ್ಟರಿನ ಮುಂದೆ ನಂಬರು ಇರುತ್ತದೆ. ಟ್ರೈಲರಿನ ಹಿಂದೆ ನಂಬರೂ ಇಲ್ಲ, ದೀಪವೂ ಇಲ್ಲ, ನೇತಾಡುವ ಕಬ್ಬಿನ ಸೋಗೆ ಮಾತ್ರ. ಕಾಯ್ದೆಯ 61ನೇ ಸೆಕ್ಷನ್ ಟ್ರೈಲರಿಗೂ ಅನ್ವಯಿಸುತ್ತದೆ. ಟ್ರೈಲರಿಗೆ ಅದರದೇ ನೋಂದಣಿ ಬೇಕು, ಅದನ್ನು ಬದಿಯಲ್ಲಿ ಬರೆದಿರಬೇಕು, ಎಳೆಯುವ ಟ್ರ್ಯಾಕ್ಟರಿನ ನಂಬರೂ ಟ್ರೈಲರಿನ ಮೇಲೆ ಕಾಣಬೇಕು. ಹಿಂದಿನ ನಂಬರಿನ ಮೇಲೆ ಬಿಳಿ ದೀಪ ಬೀಳಬೇಕು, 15 ಮೀಟರ್ ದೂರದಿಂದ ಓದುವಂತಿರಬೇಕು ಎನ್ನುತ್ತದೆ 105ನೇ ನಿಯಮ. ಇವೆರಡನ್ನೂ ಪಾಲಿಸಿದರೆ ನಂಬರಿನ ಜೊತೆಗೆ ಜೀವವೂ ಉಳಿಯುತ್ತದೆ. ಕತ್ತಲಲ್ಲಿ ಹಿಂದಿನಿಂದ ಬರುವ ಬೈಕಿನವರಿಗೆ ಆ ಒಂದು ದೀಪ, ಆ ಒಂದು ಹೊಳೆಯುವ ಹಲಗೆಯೇ ಎಚ್ಚರಿಕೆ. ರೈತರನ್ನು ರಸ್ತೆಯಲ್ಲಿ ನಿಲ್ಲಿಸಿ ದಂಡ ಹಾಕಿ ಎಂದು ನಾವು ಕೇಳುತ್ತಿಲ್ಲ. ಪ್ರತಿ ಟ್ರೈಲರೂ ಕಾರ್ಖಾನೆಯ ಗೇಟಿನಲ್ಲಿ ತೂಕಕ್ಕೆ ನಿಲ್ಲಲೇಬೇಕು. ಹಂಗಾಮಿಗೆ ಒಂದು ತಿಂಗಳ ಮೊದಲು ಕಾರ್ಖಾನೆಯ ಅಂಗಳದಲ್ಲೇ ಶಿಬಿರ ಮಾಡಿ ನೋಂದಣಿ, ನಂಬರು, ದೀಪ ಹಾಕಿಸಿ. ಆಮೇಲೆ ನಂಬರಿಲ್ಲದ ಟ್ರೈಲರನ್ನು ತೂಕಕ್ಕೆ ತೆಗೆದುಕೊಳ್ಳಬೇಡಿ ಎಂದು ಜಿಲ್ಲಾಡಳಿತದ ಮೂಲಕ ಹೇಳಿಸಿ. ಒಂದೇ ಹಂಗಾಮಿನಲ್ಲಿ ಆಗಿಹೋಗುವ ಕೆಲಸವಿದು.

ಮರಳು, ಜಲ್ಲಿ ಸಾಗಿಸುವ ಟಿಪ್ಪರುಗಳದು ಇನ್ನೊಂದು ಬಗೆ. ಅವುಗಳಿಗೆ ನಂಬರು ಇದೆ, ಅದು ಹಿಂದಿನ ಬಾಗಿಲಿನ ಕೆಳಗೆ ಧೂಳು, ಗ್ರೀಸಿನಲ್ಲಿ ಮುಳುಗಿರುತ್ತದೆ. ಸಾರಿಗೆ ವಾಹನಗಳ ಎರಡೂ ಬದಿಯಲ್ಲಿ ನಂಬರು ಬರೆದಿರಬೇಕೆಂಬ ನಿಯಮವಿರುವುದು ಇಂಥ ಹೊತ್ತಿಗೆಂದೇ. ಎಫ್‌ಸಿಗೆ ಬಂದಾಗ ಅದನ್ನು ನೋಡಿದರೆ ಸಾಕು.

ಓದಲಾಗದ ನಂಬರಿಗಿಂತ ಕೆಟ್ಟದ್ದು ಬೇರೆಯವರ ನಂಬರು. ಇಲ್ಲಿ ಒಬ್ಬರ ಅಪರಾಧದ ಚಲನ್ ಇನ್ನೊಬ್ಬರ ಮೊಬೈಲಿಗೆ ಬರುತ್ತದೆ. ಗಾಡಿ ಮನೆಯ ಮುಂದೆ ನಿಂತಿದ್ದ ದಿನ ಎಲ್ಲೋ ಸಿಗ್ನಲ್ ಹಾರಿದ್ದಕ್ಕೆ ದಂಡ. 167ಎ ನಿಯಮದ ಪ್ರಕಾರ ಕ್ಯಾಮೆರಾದಲ್ಲಿ ಸಿಕ್ಕ ತಪ್ಪಿಗೆ 15 ದಿನದೊಳಗೆ ನೋಟಿಸ್ ಬರಬೇಕು. ವಾಹನ್‌ನಲ್ಲಿ ಮೊಬೈಲ್ ಸಂಖ್ಯೆ ಹಳೆಯದಿದ್ದರೆ ತಿಂಗಳುಗಟ್ಟಲೆ ತಿಳಿಯುವುದೇ ಇಲ್ಲ, ಗಾಡಿ ಮಾರಲು ಹೋದಾಗ ಹತ್ತಾರು ಚಲನ್ ಹೊರಬೀಳುತ್ತವೆ. ಆಗ ‘ಇದು ನನ್ನ ಗಾಡಿಯಲ್ಲ’ ಎಂದು ಸಾಬೀತು ಮಾಡುವ ಹೊರೆ ನಿರಪರಾಧಿಯ ತಲೆಯ ಮೇಲೆ. ಪೊಲೀಸ್ ಠಾಣೆ ಆರ್‌ಟಿಒಗೆ ಕಳಿಸುತ್ತದೆ, ಆರ್‌ಟಿಒ ಟ್ರಾಫಿಕ್ ಕಚೇರಿಗೆ. ಚಲನ್ನಿನ ಫೋಟೊ ನೋಡಿದರೆ ಎಷ್ಟೋ ಪ್ರಕರಣ ಒಂದು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಬಣ್ಣ ಬೇರೆ, ಮಾಡೆಲ್ ಬೇರೆ, ಫೋಟೊದಲ್ಲಿರುವ ಪ್ಲೇಟಿಗೆ ಹೊಲೊಗ್ರಾಂ ಇಲ್ಲ, ದೂರುದಾರರ ಗಾಡಿಗೆ ಇದೆ. ಎಚ್‌ಎಸ್‌ಆರ್‌ಪಿ ಹಾಕಿಸಿಕೊಂಡವರಿಗೆ ಅದರಿಂದ ಆಗಬೇಕಾದ ನಿಜವಾದ ಲಾಭ ಇದೇ. ಆ ಲಾಭ ಅವರ ಕೈಗೆ ಸಿಗುತ್ತಿಲ್ಲ.

ಆದ್ದರಿಂದ, ಮಾನ್ಯರೇ, ನಮ್ಮ ಕೋರಿಕೆಗಳಿವು.

ಮೊದಲನೆಯದು ದಂಡದ ಪಟ್ಟಿಯದೇ. ಸ್ಥಳದಲ್ಲೇ ಕಟ್ಟಿ ಮುಗಿಸಬಹುದಾದ ದಂಡದ ಮೊತ್ತವನ್ನು ಅಧಿಸೂಚನೆಯ ಮೂಲಕ ನಿಗದಿಪಡಿಸುವ ಅಧಿಕಾರ ಕಾಯ್ದೆಯ 200ನೇ ಸೆಕ್ಷನ್ನಿನಡಿ ರಾಜ್ಯ ಸರ್ಕಾರಕ್ಕೇ ಇದೆ. ಎಚ್‌ಎಸ್‌ಆರ್‌ಪಿ ಇಲ್ಲದ್ದಕ್ಕೆ ಮೊದಲ ಸಲ 500, ಮತ್ತೆ 1,000 ಎಂದು ಇಲಾಖೆ ಹೇಳಿದೆ. ಅದನ್ನು ಒಡೆದು ಬರೆಯಿರಿ. ಹಳೆಯದಾದರೂ ಅಳತೆ ಸರಿಯಿದ್ದು ಓದಲು ಬರುವ ಪ್ಲೇಟಿಗೆ ಕನಿಷ್ಠ ಮೊತ್ತ ಇಡಿ, ಬುಕಿಂಗ್ ರಸೀದಿಯೋ ದಾಖಲೆ ತಿದ್ದುಪಡಿಯ ಸ್ವೀಕೃತಿಯೋ ಕೈಯಲ್ಲಿದ್ದರೆ ದಂಡವೇ ಬೇಡ. ಬಗ್ಗಿಸಿದ್ದು, ಟೇಪು ಹಾಕಿದ್ದು, ಮಡಚುವ ಯಂತ್ರ ಕೂರಿಸಿದ್ದು ಕಂಡರೆ ಸ್ಥಳದಲ್ಲಿ ಹಣ ಕಟ್ಟಿಸಿಕೊಂಡು ಬಿಡಬೇಡಿ, ಕೋರ್ಟಿಗೇ ಕಳಿಸಿ. ಮತ್ತೆ ಮತ್ತೆ ಸಿಕ್ಕರೆ ನಿಯಮ ಪಾಲಿಸದ ವಾಹನದ ನೋಂದಣಿಯನ್ನು ನೋಟಿಸ್ ಕೊಟ್ಟು ಅಮಾನತಿನಲ್ಲಿಡಲು 53ನೇ ಸೆಕ್ಷನ್ ಇದೆ. ಐನೂರು ರೂಪಾಯಿಗೆ ಹೆದರದವರು ಆರ್‌ಸಿ ಅಮಾನತಿಗೆ ಹೆದರುತ್ತಾರೆ.

ವಾಹನ್‌ನಲ್ಲಿರುವ ಚಾಸಿ ಸಂಖ್ಯೆಗಳ ತಪ್ಪನ್ನು ಇಲಾಖೆಯೇ ಹುಡುಕಿ ಮಾಲೀಕರಿಗೆ ಕನ್ನಡದಲ್ಲಿ ಸಂದೇಶ ಕಳಿಸಲಿ. ತಿದ್ದುಪಡಿಯನ್ನು ರಾಜ್ಯದ ಯಾವ ಆರ್‌ಟಿಒದಲ್ಲಾದರೂ ಮಾಡಿಸಿಕೊಳ್ಳುವಂತಾಗಲಿ, ಶುಲ್ಕವಿಲ್ಲದೆ. ಅಚ್ಚಿನ ತಪ್ಪಿಗೆ ಜನ ಹಣ ಕಟ್ಟುವುದು ನ್ಯಾಯವಲ್ಲ.

ಪ್ಲೇಟು ಅಳವಡಿಸುವ ಕೇಂದ್ರದಲ್ಲಿ ಒಂದು ಹಲಗೆ ತೂಗುಹಾಕಿಸಿ. ಕಟ್ಟಿದ ಹಣದಲ್ಲಿ ಅಳವಡಿಕೆ ಸೇರಿದೆಯೇ, ಕ್ಲಾಂಪಿಗೆ ಎಷ್ಟು, ಸ್ನ್ಯಾಪ್ ಲಾಕ್ ಕಡ್ಡಾಯ, ಐದು ವರ್ಷದ ಖಾತರಿಗೆ ಯಾರನ್ನು ಕೇಳಬೇಕು ಎಂಬಷ್ಟು ಅದರಲ್ಲಿ ಇರಲಿ. ಲೇಸರ್ ಸಂಖ್ಯೆ ವಾಹನ್‌ಗೆ ಏರಿದ ಕೂಡಲೇ ಮಾಲೀಕರ ಮೊಬೈಲಿಗೆ ಸಂದೇಶ ಬರಲಿ, ಎರಡು ದಿನದಲ್ಲಿ ಬಾರದಿದ್ದರೆ ದೂರು ಕೊಡಲು ಒಂದು ಕೊಂಡಿ ಇರಲಿ. ಪ್ಲೇಟು ಕಳುವಾದರೆ ಪೊಲೀಸ್ ದೂರಿನ ಪ್ರತಿ ಹಿಡಿದು ಹೊಸದಕ್ಕೆ ಬುಕ್ ಮಾಡುವ ಹಂತಗಳನ್ನೂ ಅಲ್ಲೇ ಬರೆಸಿ. ಒಂದು ಪ್ಲೇಟು ಹೋದಾಗ ಅಂಗಡಿಯಲ್ಲಿ ನಕಲು ಮಾಡಿಸಿಕೊಂಡು ಸುಮ್ಮನಾಗುವವರೇ ಹೆಚ್ಚು, ಕದ್ದ ಪ್ಲೇಟು ಯಾವ ಗಾಡಿಯ ಮೇಲೆ ಕೂತಿದೆಯೋ ಅವರಿಗೆ ತಿಳಿಯದು.

ನಕಲಿ ನಂಬರಿನಿಂದ ಚಲನ್ ಬಂದವರಿಗೆ ಒಂದೇ ಕಡೆ ದೂರು ಕೊಡುವ ವ್ಯವಸ್ಥೆ ಬೇಕು. ಸಂಚಾರ ಪೊಲೀಸರೊಂದಿಗೆ ಕೂತು ಅದನ್ನು ನೀವೇ ಮಾಡಬೇಕು. ದೂರುದಾರರು ತಮ್ಮ ಗಾಡಿಯ ಮುಂದಿನ, ಹಿಂದಿನ ಫೋಟೊ ಮತ್ತು ಲೇಸರ್ ಸಂಖ್ಯೆ ಏರಿಸಿದ ದಿನದಿಂದ ಆ ಚಲನ್ ತಡೆಯಲ್ಲಿರಲಿ. ತೀರ್ಮಾನವಾಗುವವರೆಗೆ ವಿಮೆ, ವರ್ಗಾವಣೆ, ಎಫ್‌ಸಿ ಯಾವುದಕ್ಕೂ ಅದು ಅಡ್ಡ ಬರಬಾರದು. ಅದೇ ನಂಬರು ಮತ್ತೆ ಕ್ಯಾಮೆರಾಕ್ಕೆ ಬಿದ್ದಾಗ ಹತ್ತಿರದ ಸಿಗ್ನಲ್ಲಿಗೆ ಸೂಚನೆ ಹೋಗಲಿ. ನಕಲಿ ನಂಬರಿನವರನ್ನು ಹಿಡಿಯಲು ಇದಕ್ಕಿಂತ ಸುಲಭದ ದಾರಿ ನಮಗೆ ಕಾಣುವುದಿಲ್ಲ.

ಕೊನೆಯದು. ರಾಜ್ಯ ಸರ್ಕಾರದ ‘ಜಿ’ ಸರಣಿಯ ವಾಹನಗಳು, ನಿಗಮ-ಮಂಡಳಿಗಳ ವಾಹನಗಳು, 2019ರ ಏಪ್ರಿಲ್‌ಗೆ ಮೊದಲಿನವು ಎಷ್ಟಿವೆ, ಅವುಗಳಲ್ಲಿ ಎಷ್ಟಕ್ಕೆ ಎಚ್‌ಎಸ್‌ಆರ್‌ಪಿ ಬಂದಿದೆ ಎಂಬುದನ್ನು ಇಲಾಖಾವಾರು ಪಟ್ಟಿ ಮಾಡಿ ನಿಮ್ಮ ಜಾಲತಾಣದಲ್ಲಿ ಹಾಕಿ. ಮುಂದಿನ ಸಲ ಸಿಗ್ನಲ್ಲಿನಲ್ಲಿ ಜನರನ್ನು ನಿಲ್ಲಿಸುವ ಮೊದಲು ಆ ಪಟ್ಟಿ ಪ್ರಕಟವಾಗಿರಲಿ.

ವಂದನೆಗಳೊಂದಿಗೆ,
ರಾಜ್ಯದ ಕೆಲವು ವಾಹನ ಮಾಲೀಕರು ಮತ್ತು ಮೆಕ್ಯಾನಿಕ್‌ಗಳು